ಮುಚ್ಚಿಟ್ಟ ಓಲೆ, ಹಂಚಿಟ್ಟ ಕಡತ

ಕಲ್ಯಾಣದುರ್ಗದಿಂದ ಉತ್ತರಕ್ಕೆ, ಉರವಕೊಂಡವನ್ನು ದಾಟಿ ಗುಂತಕಲ್ಲಿನತ್ತ ಸಾಗುವಾಗ ಕೊನಕೊಂಡ್ಲ ಎಂಬ ಊರು ಸಿಗುತ್ತದೆ. ಶಾಸನಗಳ ಕೊಂಡಕುಂದೆ ಇದೇ ಎಂದೂ, ಕುಂದಕುಂದಾಚಾರ್ಯರಿಗೆ ಆ ಹೆಸರು ಬಂದದ್ದು ಈ ಊರಿನಿಂದಲೇ ಎಂದೂ ವಿದ್ವಾಂಸರು ಗುರುತಿಸಿದ್ದಾರೆ. ಇಂದ್ರನಂದಿಯ ‘ಶ್ರುತಾವತಾರ’ ಹೇಳುವಂತೆ ಕುಂದಕುಂದರು ಷಟ್ಖಂಡಾಗಮಕ್ಕೆ ‘ಪರಿಕರ್ಮ’ ಎಂಬ ವ್ಯಾಖ್ಯಾನವನ್ನು ಬರೆದಿದ್ದರು. ಆ ವ್ಯಾಖ್ಯಾನ ಇಂದು ಇಲ್ಲ. ಅದರ ಹೆಸರು ಉಳಿದಿದೆ. ಬೇರೆ ಗ್ರಂಥಗಳಲ್ಲಿ ಅದರ ಉಲ್ಲೇಖಗಳು ಉಳಿದಿವೆ. ಗ್ರಂಥ ಮಾತ್ರ ಉಳಿದಿಲ್ಲ. ಅದೇ ಆಗಮಕ್ಕೆ ವೀರಸೇನಾಚಾರ್ಯರು ರಚಿಸಿದ ‘ಧವಲಾ’ ಟೀಕೆ ಉಳಿಯಿತು. ಒಂದು ಅಳಿದು ಇನ್ನೊಂದು ಉಳಿದುದಕ್ಕೆ ಗ್ರಂಥಗಳ ಯೋಗ್ಯತೆಯಲ್ಲಿ ಕಾರಣ ಹುಡುಕುವುದು ವ್ಯರ್ಥ. ಎಷ್ಟು ಪ್ರತಿಗಳಿದ್ದವು, ಅವು ಎಲ್ಲೆಲ್ಲಿ ಇದ್ದವು ಎಂಬ ಒಣ ಲೆಕ್ಕದಲ್ಲಿಯೇ ಆ ಕಾರಣವಿದೆ.

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ಈ ಲೆಕ್ಕ ಅಪರಿಚಿತವಲ್ಲ. ರನ್ನನ ‘ಪರಶುರಾಮಚರಿತ’ ದೊರೆತಿಲ್ಲ, ಪೊನ್ನನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಆದರೆ ಅದೇ ಪೊನ್ನನ ‘ಶಾಂತಿಪುರಾಣ’ ದೊರೆತಿದೆ. ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕಾರ್ಯವನ್ನು ದಾನದ ಪ್ರಕರಣದಲ್ಲಿ ಓದಿ ಮುಂದೆ ಹೋಗುವುದೇ ರೂಢಿ. ಆಕೆ ಮಾಡಿದ್ದನ್ನು ಇಂದಿನ ಗಣಕ ವಿಜ್ಞಾನಿ ನೋಡಿದರೆ ದಾನಕ್ಕಿಂತ ಮೊದಲು ಅದರಲ್ಲಿ ಒಂದು ಯುಕ್ತಿಯನ್ನು ಕಾಣುತ್ತಾನೆ. ಒಂದು ಭಂಡಾರಕ್ಕೆ ಬೆಂಕಿ ಬಿದ್ದರೆ, ಒಂದು ಬಸದಿ ಪಾಳು ಬಿದ್ದರೆ, ಒಂದು ಮನೆಯ ಓಲೆಗೆ ಗೆದ್ದಲು ಹಿಡಿದರೆ ಉಳಿದ ಕಡೆ ಗ್ರಂಥ ಬದುಕಿರುತ್ತದೆ.

ಎಲ್ಲರೂ ಓದಬೇಕಾದ ಗ್ರಂಥಕ್ಕೆ ಈ ಯುಕ್ತಿ ಸಾಕು. ಎಲ್ಲರೂ ಓದಬಾರದೆಂದು ಒಡೆಯರು ಬಗೆದಿರುವ ಬರಹದ ಗತಿ ಏನು? ಹಂಚಿದರೆ ಗುಟ್ಟು ಹೋಗುತ್ತದೆ. ಹಂಚದಿದ್ದರೆ ಬರಹವೇ ಹೋಗಬಹುದು. ಗುಟ್ಟಿನ ದತ್ತಾಂಶವನ್ನು ಅಂತರಜಾಲದ ಸಾವಿರಾರು ಯಂತ್ರಗಳಲ್ಲಿ ಹರಡಿಟ್ಟು, ಬೇಕಾದಾಗ ಬಿಡುಗಡೆ ಮಾಡುವ ಇಂದಿನ ತಂತ್ರವು ಈ ಇಕ್ಕಟ್ಟಿಗೆ ಕಂಡುಕೊಂಡ ಒಂದು ಉತ್ತರ. ಆ ತಂತ್ರವನ್ನು ತಿಳಿಯುವ ಮುನ್ನ, ಯಂತ್ರಗಳೇ ಇಲ್ಲದ ಕಾಲದಲ್ಲಿ ಇದೇ ಇಕ್ಕಟ್ಟು ಕನ್ನಡ ನಾಡಿನಲ್ಲಿ ಹೇಗೆ ಬಗೆಹರಿಯಿತು ಎಂಬುದನ್ನು ನೋಡುವುದು ಒಳ್ಳೆಯದು.

ಧವಲಾ ಟೀಕೆಯು 816ರಲ್ಲಿ ಮುಗಿಯಿತೆಂಬುದು ಅದರ ಸಂಪಾದಕ ಹೀರಾಲಾಲ್ ಜೈನರ ಗಣನೆ. ವೀರಸೇನರ ಶಿಷ್ಯ ಜಿನಸೇನರೇ ಅಮೋಘವರ್ಷ ನೃಪತುಂಗನ ಗುರುಗಳೆಂದು ಪ್ರಸಿದ್ಧರಾದವರು. ಗುರು ಅರ್ಧಕ್ಕೆ ಬಿಟ್ಟ ‘ಜಯಧವಲಾ’ವನ್ನು ಪೂರ್ತಿಗೊಳಿಸಿದವರು. ಹೀಗೆ ‘ಕವಿರಾಜಮಾರ್ಗ’ ಹುಟ್ಟಿದ ವಾತಾವರಣದಲ್ಲಿಯೇ ಈ ಸಿದ್ಧಾಂತ ಗ್ರಂಥಗಳೂ ರೂಪುಗೊಂಡವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಉಳಿದು ಬಂದ ಓಲೆಗಳ ಲಿಪಿ ಹಳಗನ್ನಡ. ಕಾಲಾಂತರದಲ್ಲಿ ಬೇರೆಲ್ಲೆಡೆ ಪ್ರತಿಗಳು ನಶಿಸಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಧವಲಾ, ಜಯಧವಲಾ, ಮಹಾಧವಲಾಗಳು ಉಳಿದವು. ಯಾತ್ರಿಕರಿಗೆ ಅವುಗಳ ದರ್ಶನ ದೊರೆಯುತ್ತಿತ್ತು, ಓದಲು ಸಿಗುತ್ತಿರಲಿಲ್ಲ. ಗ್ರಂಥವು ವಿಗ್ರಹವಾಗಿತ್ತು.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬಯಿಯ ಸೇಠ್ ಮಾಣಿಕ್‌ಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರು ಯಾತ್ರೆಗೆ ಬಂದು ಓಲೆಗಳ ಜೀರ್ಣಾವಸ್ಥೆಯನ್ನು ಕಂಡು ಕಳವಳಗೊಂಡರು. ದೀರ್ಘ ಮಾತುಕತೆಗಳ ಬಳಿಕ 1896ರಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಶಾಸ್ತ್ರಿಗಳೂ ಈ ಕೆಲಸಕ್ಕೆ ನೇಮಕಗೊಂಡರು. ಮೂರೂ ಗ್ರಂಥಗಳ ನಕಲು ಮುಗಿಯುವಾಗ 1922 ಬಂದಿತ್ತು: 26 ವರ್ಷಗಳ ಲೇಖನ. ಆದರೆ ಹೀಗೆ ಸಿದ್ಧವಾದ ಹೊಸ ಪ್ರತಿಗಳೂ ಮೂಡುಬಿದಿರೆಯಿಂದ ಹೊರಗೆ ಹೋಗುವಂತಿರಲಿಲ್ಲ. ಓಲೆ ಕಾಗದವಾಯಿತು, ಅಷ್ಟೆ. ಬೀಗ ಇದ್ದಲ್ಲಿಯೇ ಇತ್ತು.

ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು, ಕನ್ನಡ ಲಿಪಿಯಲ್ಲಿ. ಈ ಕೆಲಸದಲ್ಲಿ ಅವರ ಪತ್ನಿ, ವಿದುಷಿ ಲಕ್ಷ್ಮೀಬಾಯಿಯವರ ಪಾಲು ವಿಶೇಷವಾದದ್ದೆಂದು ಹೀರಾಲಾಲ್ ಜೈನರು ದಾಖಲಿಸಿದ್ದಾರೆ. ಗ್ರಂಥಗಳು ಓದಿಗೆ, ಪಾಠಕ್ಕೆ ಬರಬೇಕೆಂಬುದು ಆಕೆಯ ಹಂಬಲವಾಗಿತ್ತು. ಆ ಪ್ರತಿ ಉತ್ತರಕ್ಕೆ ಹೋಗಿ ಸಹಾರನಪುರದ ಲಾಲಾ ಜಂಬೂಪ್ರಸಾದರ ವಶವಾಯಿತು. ಅವರು ಅದನ್ನು ದೇವಾಲಯದಲ್ಲಿ ಇರಿಸಿದರು. ಕನ್ನಡ ಲಿಪಿ ಅಲ್ಲಿ ಓದುವವರಿಲ್ಲದ ಲಿಪಿ. ಅದನ್ನು ನಾಗರಿಗೆ ತರಲು ದಕ್ಷಿಣದ ಪಂಡಿತರು ಬೇಕಾದರು. ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿ ಎಂಬ ಇಬ್ಬರು ಆ ಕೆಲಸ ಮಾಡಿದರು. ಹಾಗೆ ಮಾಡುವಾಗ ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿಯನ್ನು ಉಳಿಸಿಕೊಂಡರು! ಗುಟ್ಟಿನ ಪ್ರತಿಯಿಂದ ಇನ್ನೊಂದು ಗುಟ್ಟಿನ ಪ್ರತಿ. ಮುಂದೆ ಅದರಿಂದಲೇ ಆರಾ, ಕಾರಂಜಾ, ಮಧ್ಯಪ್ರದೇಶದ ಸಾಗರ ಮುಂತಾದ ಊರುಗಳಿಗೆ ನಕಲುಗಳು ಹರಡಿದವು. ಅವುಗಳ ಆಧಾರದ ಮೇಲೆ 1939ರಲ್ಲಿ ಅಮರಾವತಿಯಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಅಷ್ಟು ಹೊತ್ತಿಗೆ ಗುಟ್ಟು ಎಂಬುದೇ ಉಳಿದಿರಲಿಲ್ಲ. ಮುಂದಿನ ಸಂಪುಟಗಳಿಗೆ ಮೂಡುಬಿದಿರೆಯ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡುವ ಅವಕಾಶವೂ ದೊರೆಯಿತು.

ಗಜಪತಿ ದಂಪತಿಗಳು ಮಾಡಿದ್ದು ಸರಿಯೇ? ನಂಬಿ ಒಪ್ಪಿಸಿದ ಕೆಲಸದಲ್ಲಿ ನಂಬಿಕೆಯನ್ನು ಮುರಿದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದವರು ಮೂಡುಬಿದಿರೆಯವರೇ. ಅವರು ಕಾಯದಿದ್ದರೆ ಕದ್ದು ಬರೆದುಕೊಳ್ಳಲೂ ಏನೂ ಇರುತ್ತಿರಲಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ, ಲಕ್ಷ್ಮೀಬಾಯಿಯವರ ಪಕ್ಷದಲ್ಲಿ ನಿಲ್ಲುವುದೇ ಸಾಹಿತ್ಯದ ವಿದ್ಯಾರ್ಥಿಗೆ ಸಹಜ. ಆ ಗ್ರಂಥ ಬಯಲಾದುದರಿಂದ ಬದುಕಿರುವ ಯಾರ ಮಾನಕ್ಕೂ ಪ್ರಾಣಕ್ಕೂ ಕುಂದು ಬರಲಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಯಂತ್ರಗಳ ಕಾಲಕ್ಕೆ. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯಲ್ಲಿ ಹಾಡುಗಳ ಕಡತಗಳು ಬಳಕೆದಾರರ ಗಣಕಗಳಲ್ಲಿಯೇ ಇರುತ್ತಿದ್ದವು. ಯಾವ ಹಾಡು ಯಾರ ಬಳಿ ಇದೆ ಎಂಬ ಸೂಚಿ ಮಾತ್ರ ಕಂಪನಿಯ ಕೇಂದ್ರದಲ್ಲಿತ್ತು. ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತು 2001ರಲ್ಲಿ ಆ ಸೂಚಿಯನ್ನು ಮುಚ್ಚಬೇಕಾಗಿ ಬಂದಾಗ ಇಡೀ ವ್ಯವಸ್ಥೆ ನಿಂತುಹೋಯಿತು. ಅದೇ ವರ್ಷ ಬ್ರಾಮ್ ಕೋಹೆನ್ ಎಂಬ ಅಮೆರಿಕದ ತಂತ್ರಜ್ಞ ಬಿಟ್‌ಟೊರೆಂಟ್ ಎಂಬ ಬೇರೊಂದು ಪದ್ಧತಿಯನ್ನು ಹೊರತಂದ. ಇಲ್ಲಿ ಕಡತವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯಲಾಗುತ್ತದೆ. ಬೇಕೆಂದವನು ಇಡೀ ಕಡತವನ್ನು ಒಬ್ಬನಿಂದಲೇ ಪಡೆಯುವುದಿಲ್ಲ. ಒಂದು ತುಣುಕನ್ನು ಒಬ್ಬನಿಂದ, ಮತ್ತೊಂದನ್ನು ಇನ್ನೊಬ್ಬನಿಂದ ಪಡೆಯುತ್ತಾನೆ. ಪಡೆಯುತ್ತಿರುವಾಗಲೇ ತನ್ನ ಕೈಗೆ ಬಂದ ತುಣುಕುಗಳನ್ನು ಮೂರನೆಯವನಿಗೆ ಕೊಡುತ್ತಾನೆ. ಹಿಂದೂಪುರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡುಗಳಿಂದ ನೂಲು ತೆಗೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಗೂಡಿನ ಎಳೆಯಿಂದ ನೂಲಾಗುವುದಿಲ್ಲ. ಹಲವು ಗೂಡುಗಳ ಎಳೆಗಳನ್ನು ಏಕಕಾಲಕ್ಕೆ ಕೂಡಿಸಿ ಸುತ್ತಿದಾಗ ನೂಲಾಗುತ್ತದೆ. ಒಂದು ಗೂಡಿನ ಎಳೆ ಮುಗಿದರೆ ಇನ್ನೊಂದು ಗೂಡಿನ ಎಳೆಯನ್ನು ಸೇರಿಸುತ್ತಾರೆ, ನೂಲು ಮುಂದುವರಿಯುತ್ತದೆ.

ಈ ಪದ್ಧತಿಯಲ್ಲಿ ಒಂದು ಸೊಗಸಾದ ನಿಯಮವಿದೆ. ಜಾಲದಲ್ಲಿ ಯಾವ ತುಣುಕು ಅತ್ಯಂತ ವಿರಳವೋ ಅದನ್ನೇ ಮೊದಲು ಪಡೆದುಕೊಳ್ಳಬೇಕೆಂದು ಯಂತ್ರಗಳಿಗೆ ವಿಧಿಸಲಾಗಿದೆ. ಎಲ್ಲರ ಬಳಿ ಇರುವುದಕ್ಕೆ ಅವಸರವಿಲ್ಲ. ಒಬ್ಬರ ಬಳಿ ಮಾತ್ರ ಇರುವುದು ಆ ಒಬ್ಬರು ಹೊರಟುಹೋದರೆ ಇಲ್ಲವಾಗುತ್ತದೆ. ಪರಿಕರ್ಮದ ಕಾಲದಲ್ಲಿ ಇಂತಹ ನಿಯಮವೊಂದು ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು. ಸೂಚಿಯ ಸಮಸ್ಯೆಗೂ ಪರಿಹಾರ ಬಂತು. ಮೇಮೌಂಕೋವ್ ಮತ್ತು ಮಜಿಯೆರೆಸ್ ಎಂಬ ವಿದ್ವಾಂಸರು 2002ರಲ್ಲಿ ವಿವರಿಸಿದ ಕೆಡೆಮ್ಲಿಯಾ ವಿಧಾನದಲ್ಲಿ ಸೂಚಿಯೂ ತುಣುಕಾಗಿ ಎಲ್ಲರಲ್ಲಿ ಹಂಚಿಹೋಗಿರುತ್ತದೆ. ಊರಿಗೆ ಹೊಸಬನೊಬ್ಬ ಬಂದು ಒಂದು ಮನೆಯನ್ನು ಕೇಳುತ್ತಾನೆ. ಗೊತ್ತಿಲ್ಲದವರು ತಮಗಿಂತ ಹತ್ತಿರದಿಂದ ಬಲ್ಲವರನ್ನು ತೋರಿಸುತ್ತಾರೆ, ಅವರು ಇನ್ನೂ ಹತ್ತಿರದವರನ್ನು. ಕೆಲವೇ ಬಾಗಿಲುಗಳಲ್ಲಿ ಮನೆ ಸಿಗುತ್ತದೆ. ಮುಚ್ಚಿಸಬೇಕೆಂದರೆ ಯಾವ ಬಾಗಿಲನ್ನು ಮುಚ್ಚಿಸುವುದು?

ಹತ್ತು ಕಡೆಯಿಂದ ಬಂದ ತುಣುಕುಗಳಲ್ಲಿ ಒಂದು ತಪ್ಪಾಗಿದ್ದರೆ, ಅಥವಾ ಯಾರೋ ಬೇಕೆಂದೇ ತಿದ್ದಿದ್ದರೆ ತಿಳಿಯುವುದು ಹೇಗೆ? ಇದಕ್ಕೆ ಹ್ಯಾಶ್ ಎಂಬ ಉಪಾಯವಿದೆ. ಯಾವುದೇ ದತ್ತಾಂಶವನ್ನು ನಿಶ್ಚಿತ ಗಣಿತಕ್ರಮಕ್ಕೆ ಒಳಪಡಿಸಿದಾಗ ನಿಶ್ಚಿತ ಉದ್ದದ ಒಂದು ಸಂಖ್ಯೆ ಬರುತ್ತದೆ. ಅದು ಆ ದತ್ತಾಂಶದ ಬೆರಳಚ್ಚು. ಇಡೀ ‘ಗದಾಯುದ್ಧ’ವನ್ನು ಕೊಟ್ಟರೂ ಅಷ್ಟೇ ಉದ್ದದ ಸಂಖ್ಯೆ, ಒಂದು ವಚನವನ್ನು ಕೊಟ್ಟರೂ ಅಷ್ಟೇ. ಒಂದು ಅನುಸ್ವಾರ ಬಿಟ್ಟುಹೋದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಬೆರಳಚ್ಚಿನಿಂದ ವ್ಯಕ್ತಿಯನ್ನು ಮರಳಿ ಸೃಷ್ಟಿಸಲಾಗದಂತೆ ಈ ಸಂಖ್ಯೆಯಿಂದ ಗ್ರಂಥವನ್ನು ಮರಳಿ ಪಡೆಯಲಾಗದು. ಟೊರೆಂಟ್ ಕಡತದಲ್ಲಿ ಮುಖ್ಯವಾಗಿ ಇರುವುದು ಇಂತಹ ಬೆರಳಚ್ಚುಗಳ ಪಟ್ಟಿ. ತುಣುಕು ಬಂದೊಡನೆ ಯಂತ್ರವು ಬೆರಳಚ್ಚನ್ನು ತಾಳೆ ನೋಡುತ್ತದೆ. ಹೊಂದದಿದ್ದರೆ ಎಸೆದು ಮತ್ತೊಬ್ಬರಲ್ಲಿ ಕೇಳುತ್ತದೆ.

ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಇಲ್ಲಿ ‘ಪಾಠಾಂತರ’ ಎಂಬ ಪದ ಹೊಳೆಯದೆ ಇರದು. ಧವಲಾದ ಕಥೆಯಲ್ಲಿಯೇ ಇದಕ್ಕೆ ಮರೆಯಲಾಗದ ನಿದರ್ಶನವಿದೆ. ಮೊದಲ ಸಂಪುಟದ 93ನೆಯ ಸೂತ್ರ ಮನುಷ್ಯ ಸ್ತ್ರೀಯರಿಗೆ ಸಂಭವಿಸುವ ಗುಣಸ್ಥಾನಗಳನ್ನು ಹೇಳುತ್ತದೆ. ಕೈಯಿಂದ ಕೈಗೆ ಬಂದ ನಕಲುಗಳಲ್ಲಿ ಅಲ್ಲಿ ‘ಸಂಜದಾಸಂಜದ’ ಎಂಬ ಪದದ ಬಳಿಕ ಬರಬೇಕಾದ ‘ಸಂಜದ’ ಎಂಬ ಪದ ಇರಲಿಲ್ಲ. ಒಂದೇ ಅಕ್ಷರಗಳು ಮರುಕಳಿಸುವಲ್ಲಿ ಲಿಪಿಕಾರನ ಕಣ್ಣು ಜಾರುವುದು ಸಾಮಾನ್ಯ. ಸಂಪಾದಕರು ಸಂದರ್ಭವನ್ನು ನೋಡಿ ಆ ಪದ ಇರಲೇಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮೂರಕ್ಷರದ ಈ ಪದ ಇದ್ದರೆ ಸ್ತ್ರೀಗೆ ಪೂರ್ಣ ಸಂಯಮದ ಸ್ಥಾನ ಉಂಟೇ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ದಿಗಂಬರ ಪಂಡಿತರಲ್ಲಿ ದೊಡ್ಡ ವಿವಾದವೇ ನಡೆಯಿತು. ಮೂಡುಬಿದಿರೆಯ ಓಲೆಯನ್ನು ತೆಗೆದು ನೋಡಿದಾಗ ಅಲ್ಲಿ ಪದವಿತ್ತು.

ಹ್ಯಾಶ್ ಇದ್ದಿದ್ದರೆ ಸಹಾರನಪುರದ ನಕಲು ಮೂಲದಂತಿಲ್ಲವೆಂದು ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ಆದರೆ ಎಲ್ಲಿ ತಪ್ಪಿದೆ, ಏಕೆ ತಪ್ಪಿತು, ಯಾವುದು ಇರಬೇಕಿತ್ತು ಎಂಬುದನ್ನು ಅದು ಹೇಳುತ್ತಿರಲಿಲ್ಲ. ಮೂಲ ಓಲೆಯಲ್ಲಿಯೇ ಪದ ಬಿಟ್ಟುಹೋಗಿದ್ದರೆ ಯಂತ್ರವು ಆ ದೋಷವನ್ನೇ ಅಪ್ಪಟವೆಂದು ಸಾವಿರ ಕಡೆ ಕಾಪಾಡುತ್ತಿತ್ತು. ಅಡಿಟಿಪ್ಪಣಿ ಬರೆದ ಸಂಪಾದಕನ ಕೆಲಸ ಬೇರೆಯೇ. 

ಇಷ್ಟು ಹಂಚಿಕೆಯ ಮಾತಾಯಿತು. ಗುಟ್ಟಿನ ಮಾತು ಬೇರೆ. ಹಂಚಿಯೂ ಗುಟ್ಟಾಗಿ ಇಡುವ ಉಪಾಯವನ್ನು ನೆರೆಯ ಮರಾಠಿಯಲ್ಲಿ ಮಹಾನುಭಾವ ಪಂಥದವರು ನಡೆಸಿ ತೋರಿಸಿದ್ದರು. 13ನೆಯ ಶತಮಾನದ ಚಕ್ರಧರಸ್ವಾಮಿಗಳ ಅನುಯಾಯಿಗಳಾದ ಇವರು ತಮ್ಮ ಗ್ರಂಥಗಳನ್ನು ‘ಸಕಳ’, ‘ಸುಂದರೀ’ ಮುಂತಾದ ಸಾಂಕೇತಿಕ ಲಿಪಿಗಳಲ್ಲಿ ಬರೆದಿಟ್ಟರು. ಒಂದು ಅಕ್ಷರಕ್ಕೆ ಬದಲು ಮತ್ತೊಂದು ಅಕ್ಷರ, ಅಥವಾ ಒಂದು ಗುರುತು. ಯಾವುದಕ್ಕೆ ಯಾವುದು ಎಂಬ ಕೋಷ್ಟಕ ದೀಕ್ಷಿತರಿಗೆ ಮಾತ್ರ ಗೊತ್ತು. ಪಂಥದ ಮಠಗಳು ವರ್ಹಾಡದಿಂದ ಪಂಜಾಬದವರೆಗೆ, ಅದರಾಚೆಗೂ ಹರಡಿದವು. ಹೊತ್ತಿಗೆಗಳೂ ಜೊತೆಗೆ ಹೋದವು. ಹೊತ್ತಿಗೆ ಹೊರಗಿನವನ ಕೈಗೆ ಸಿಕ್ಕರೂ ಅರ್ಥ ಸಿಗುತ್ತಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ವಿ. ಕಾ. ರಾಜವಾಡೆ, ವಿ. ಲ. ಭಾವೆ ಮೊದಲಾದವರ ಪ್ರಯತ್ನದಿಂದ ಕೋಷ್ಟಕ ಹೊರಬಂದಾಗ ‘ಲೀಳಾಚರಿತ್ರ’ದಂತಹ ಕೃತಿಗಳು ಓದಿಗೆ ದಕ್ಕಿದವು, ಮರಾಠಿ ಗದ್ಯದ ಚರಿತ್ರೆಯ ಮೊದಲ ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾಯಿತು. ಮೂಡುಬಿದಿರೆಯಲ್ಲಿ ಗ್ರಂಥಕ್ಕೆ ಬೀಗವಿತ್ತು. ಇಲ್ಲಿ ಅಕ್ಷರಕ್ಕೆ ಬೀಗ. ಅಕ್ಷರಕ್ಕೆ ಬೀಗ ಹಾಕಿದರೆ ಗ್ರಂಥವನ್ನು ಎಲ್ಲಿ ಬೇಕಾದರೂ ಬಿಡಬಹುದು. ಕಾಯಬೇಕಾದದ್ದು ಕೀಲಿಯನ್ನು ಮಾತ್ರ.

ಅಕ್ಷರ ಬದಲಿಸುವ ಬೀಗ ದುರ್ಬಲವಾದದ್ದು. ಕನ್ನಡದ ಯಾವುದೇ ಪುಟದಲ್ಲಿ ರ, ದ, ಲಗಳು ಪದೇ ಪದೇ ಬರುತ್ತವೆ. ಝ, ಠಗಳು ಅಪರೂಪ. ಗುರುತುಗಳನ್ನು ಎಣಿಸುತ್ತ ಹೋದರೆ ತಾಳ್ಮೆಯುಳ್ಳವನು ಕೋಷ್ಟಕವನ್ನು ಊಹಿಸಿಬಿಡಬಲ್ಲ. ಇಂದಿನ ಗೂಢಲಿಪೀಕರಣದಲ್ಲಿ ಈ ಎಣಿಕೆ ನಡೆಯದು. 2001ರಲ್ಲಿ ಅಮೆರಿಕದ ಸರ್ಕಾರಿ ಮಾನಕವಾಗಿ, ಈಗ ಜಗತ್ತಿನ ಬ್ಯಾಂಕುಗಳಲ್ಲೂ ಮೊಬೈಲುಗಳಲ್ಲೂ ಬಳಕೆಯಲ್ಲಿರುವ ಎಇಎಸ್ ಎಂಬ ಕ್ರಮದಲ್ಲಿ ಕೀಲಿಯು 256 ಬಿಟ್‌ಗಳವರೆಗೂ ಉದ್ದವಿರಬಹುದು. ಅಷ್ಟು ಉದ್ದದ ಕೀಲಿಗಳು ಒಟ್ಟು ಎಷ್ಟೆಂದು ಬರೆದರೆ 78 ಅಂಕಿಗಳ ಸಂಖ್ಯೆಯಾಗುತ್ತದೆ. ಒಂದೊಂದನ್ನೇ ಹಾಕಿ ನೋಡುವ ಮಾತೇ ಇಲ್ಲ.

ಈ ಎರಡು ಉಪಾಯಗಳನ್ನು, ಅಂದರೆ ಬಿಟ್‌ಟೊರೆಂಟಿನ ಹಂಚಿಕೆಯನ್ನೂ ಗೂಢಲಿಪಿಯ ಬೀಗವನ್ನೂ, ಕೂಡಿಸಿದಾಗ ಹೊಸದೊಂದು ಶಕ್ತಿ ಹುಟ್ಟುತ್ತದೆ. 2010ರ ಜುಲೈಯಲ್ಲಿ ವಿಕಿಲೀಕ್ಸ್ ಸಂಸ್ಥೆ ‘ವಿಮೆ’ ಎಂಬರ್ಥದ ಹೆಸರಿಟ್ಟ 1.4 ಗಿಗಾಬೈಟ್ ಗಾತ್ರದ ಒಂದು ಕಡತವನ್ನು ಜಗತ್ತಿಗೆ ಬಿಟ್ಟಿತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರೂ ತೆರೆಯಲಾರರು. ತಮಗೇನಾದರೂ ಆದರೆ ಕೀಲಿ ಹೊರಬೀಳುತ್ತದೆ ಎಂಬ ಬಾಯಿಬಿಡದ ಎಚ್ಚರಿಕೆ ಅದರಲ್ಲಿತ್ತು. ಬಿಡುಗಡೆ ಮೊದಲೇ ಆಗಿಹೋಗಿದೆ. ಪ್ರಕಟಣೆ ಮಾತ್ರ ಬಾಕಿ. ಸಾವಿರಾರು ಪುಟಗಳನ್ನು ಮುದ್ರಿಸಿ ಸಾಗಿಸುವ ಬದಲು ಒಂದು ಸಾಲಿನ ಕೀಲಿಯನ್ನು ಹೇಳಿದರೆ ಸಾಕು.

ಅದೇ ಸಂಸ್ಥೆಯ ಇನ್ನೊಂದು ಕಡತದ ಕಥೆ ಈ ತಂತ್ರದ ಅಪಾಯವನ್ನು ತೋರಿಸುತ್ತದೆ. ಅಮೆರಿಕದ ರಾಯಭಾರ ಕಚೇರಿಗಳ 2,51,287 ತಂತಿ ಸಂದೇಶಗಳು ಅದಕ್ಕೆ ದೊರೆತಿದ್ದವು. 2010ರ ನವೆಂಬರಿನಿಂದ ಕೆಲವು ಪತ್ರಿಕೆಗಳು, ಮಾಹಿತಿ ಕೊಟ್ಟ ಸಾಮಾನ್ಯ ಜನರ ಹೆಸರುಗಳನ್ನು ಅಳಿಸಿ, ಅವುಗಳನ್ನು ಆಯ್ದು ಪ್ರಕಟಿಸುತ್ತಿದ್ದವು. ಭಾರತಕ್ಕೆ ಸಂಬಂಧಿಸಿದವನ್ನು ‘ದಿ ಹಿಂದೂ’ 2011ರ ಮಾರ್ಚಿನಲ್ಲಿ ಪ್ರಕಟಿಸತೊಡಗಿತು. ಈ ನಡುವೆ ಎಲ್ಲ ಸಂದೇಶಗಳೂ ಇದ್ದ, ಬೀಗ ಹಾಕಿದ ಕಡತವು ಬೇರೆ ಕಡತಗಳ ಜೊತೆ ಸೇರಿ ಬಿಟ್‌ಟೊರೆಂಟಿನಲ್ಲಿ ಹರಡಿಹೋಗಿತ್ತು. 2011ರ ಫೆಬ್ರವರಿಯಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಇಬ್ಬರು ಪತ್ರಕರ್ತರು ಬರೆದ ಪುಸ್ತಕ ಬಂತು. ಅದರಲ್ಲಿ ಆ ಕಡತದ ಗುಪ್ತಪದವೇ ಅಚ್ಚಾಗಿತ್ತು! ಗುಪ್ತಪದ ಕೆಲವೇ ಗಂಟೆಗಳ ಬಳಿಕ ನಿರುಪಯುಕ್ತವಾಗುತ್ತದೆಂದು ತಮಗೆ ಹೇಳಲಾಗಿತ್ತು ಎಂಬುದು ಪತ್ರಿಕೆಯ ಸಮಜಾಯಿಷಿ. ತಪ್ಪೆಲ್ಲ ಪತ್ರಿಕೆಯದೇ ಎಂಬುದು ವಿಕಿಲೀಕ್ಸ್‌ನ ವಾದ. ಕೆಲವು ತಿಂಗಳು ಯಾರೂ ಎರಡನ್ನೂ ಜೋಡಿಸಿ ನೋಡಲಿಲ್ಲ. ಆಗಸ್ಟಿನಲ್ಲಿ ಸುಳಿವು ಹೊರಬಿತ್ತು. ಸೆಪ್ಟೆಂಬರ್ 2ರಂದು ವಿಕಿಲೀಕ್ಸ್ ತಾನೇ ಎಲ್ಲ ಸಂದೇಶಗಳನ್ನೂ ಹೆಸರು ಅಳಿಸದೆ ಪ್ರಕಟಿಸಿತು. ಜೊತೆಗೂಡಿದ್ದ ಪತ್ರಿಕೆಗಳು ಅದನ್ನು ಖಂಡಿಸಿದವು.

ಜಾಲತಾಣದ ಗುಪ್ತಪದವನ್ನು ಬದಲಿಸಬಹುದು, ಏಕೆಂದರೆ ಬಾಗಿಲು ಒಂದೇ, ಅದರ ಒಡೆಯನೂ ಒಬ್ಬನೇ. ಹರಡಿಹೋದ ಕಡತದ ಗುಪ್ತಪದವನ್ನು ಬದಲಿಸಲಾಗದು. ಹೊಸ ಕೀಲಿಯಿಂದ ಹೊಸ ಕಡತ ಮಾಡಬಹುದು. ಹಳೆಯ ಕಡತವು ಹಳೆಯ ಕೀಲಿಯೊಡನೆ ಲೋಕದಲ್ಲಿ ಇದ್ದೇ ಇರುತ್ತದೆ. ಅನುಭವಿ ಪತ್ರಕರ್ತರಿಗೂ ಈ ಭೇದ ತಿಳಿಯದೆ ಹೋಯಿತೆಂಬುದೇ ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣ. ಧವಲಾ ಬಯಲಾದಾಗ ಯಾರಿಗೂ ಹಾನಿಯಾಗಲಿಲ್ಲ ಎಂದು ಮೇಲೆ ಹೇಳಿದ ಮಾತು ಇಲ್ಲಿ ಒದಗುತ್ತದೆ. ಸರ್ಕಾರಗಳ ನಡೆ ಬಯಲಾಗುವುದು ಒಂದು; ಯಾವುದೋ ಊರಿನಲ್ಲಿ ನಂಬಿ ಮಾತಾಡಿದ ಒಬ್ಬನ ಹೆಸರು ಬಯಲಾಗುವುದು ಇನ್ನೊಂದು. ಹಂಚಿಕೆಯ ಜಾಲಕ್ಕೆ ಈ ವಿವೇಕವಿಲ್ಲ.

ಜಾಲದ ಮಾತಿರಲಿ, ಮೊಬೈಲಿನಲ್ಲಿ ನಡೆಯುವುದೂ ಇದೇ. ಹಿಂದೂಪುರದ ತರಗತಿಯೊಂದರಲ್ಲಿ ಒಬ್ಬರು ಕಳುಹಿಸಿದ ಟಿಪ್ಪಣಿ ಸಂಜೆಯೊಳಗೆ ಕಲ್ಯಾಣದುರ್ಗವನ್ನು ಮುಟ್ಟುತ್ತದೆ. ಗಡಿಭಾಗದಲ್ಲಿ ಕನ್ನಡ ಪುಸ್ತಕಗಳು ದುರ್ಲಭವಾಗಿರುವಾಗ ಇದೊಂದು ವರವೇ. ಅದೇ ದಾರಿಯಲ್ಲಿ ಒಬ್ಬರ ಖಾಸಗಿ ಚಿತ್ರವೂ ಹೋಗಬಹುದು. ಒಪ್ಪಿಗೆಯಿಲ್ಲದೆ ಅಂತಹ ಗೋಪ್ಯ ಚಿತ್ರವನ್ನು ಹರಡುವವರಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಡಿ 3 ವರ್ಷಗಳವರೆಗೆ ಸೆರೆ, 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಉಂಟು. ಕಾಯಿದೆ ಹರಡಿದವನನ್ನು ಹಿಡಿಯಬಹುದು. ಹರಡಿದ್ದನ್ನು ಹಿಂದಕ್ಕೆ ಕರೆಯಲು ಅದಕ್ಕೂ ಆಗದು.

ಕೀಲಿಯನ್ನು ಒಬ್ಬನ ಕೈಯಲ್ಲಿ ಇಡುವುದರಿಂದಲೇ ತೊಂದರೆ ಎಂದಾದರೆ ಕೀಲಿಯನ್ನೂ ಹಂಚಬಹುದಲ್ಲವೇ? ಇದಕ್ಕೆ ಆದಿ ಶಮೀರ್ ಎಂಬ ಇಸ್ರೇಲಿನ ಗಣಿತಜ್ಞ 1979ರಲ್ಲಿ ಕೊಟ್ಟ ಉತ್ತರ ರಂಗೋಲಿಯ ಚುಕ್ಕಿಗಳಷ್ಟು ಸರಳ. ಒಂದು ಚುಕ್ಕಿಯ ಮೂಲಕ ಎಷ್ಟು ನೇರ ಗೆರೆಗಳನ್ನಾದರೂ ಎಳೆಯಬಹುದು; ಎರಡು ಚುಕ್ಕಿಗಳ ಮೂಲಕ ಒಂದೇ. ಗುಟ್ಟಿನ ಸಂಖ್ಯೆಯನ್ನು ಒಂದು ಗೆರೆಯ ಮೇಲೆ ಗೊತ್ತಾದ ಜಾಗದಲ್ಲಿ ಇಟ್ಟು, ಅದೇ ಗೆರೆಯ ಬೇರೆ ಬೇರೆ ಚುಕ್ಕಿಗಳನ್ನು ಐವರಿಗೆ ಒಂದೊಂದರಂತೆ ಕೊಡುವುದು. ಒಬ್ಬನ ಚುಕ್ಕಿಯಿಂದ ಏನೂ ತಿಳಿಯದು. ಯಾರಾದರೂ ಇಬ್ಬರು ಕೂಡಿದರೆ ಗೆರೆ ಮೂಡುತ್ತದೆ, ಗುಟ್ಟು ತೆರೆಯುತ್ತದೆ. ಮೂವರು ಕೂಡಲೇಬೇಕೆಂದರೆ ನೇರ ಗೆರೆಯ ಬದಲು ಬಾಗಿದ ಗೆರೆಯನ್ನು ಬಳಸಿದರಾಯಿತು. ಒಬ್ಬ ಸತ್ತರೂ ಕೀಲಿ ಉಳಿಯುತ್ತದೆ. ಒಬ್ಬ ದ್ರೋಹ ಮಾಡಿದರೂ ಗುಟ್ಟು ಉಳಿಯುತ್ತದೆ.

ಕೀಲಿ ಬಯಲಾಗುವುದರಷ್ಟೇ ದೊಡ್ಡ ವಿಪತ್ತು ಕೀಲಿ ಕಳೆದುಹೋಗುವುದು. ಇದರ ನಿದರ್ಶನ ಹಿಂದೂಪುರದಿಂದ ದೂರವಿಲ್ಲ. ಗೌರಿಬಿದನೂರನ್ನು ದಾಟಿ ದಕ್ಷಿಣಕ್ಕೆ ಹೋದರೆ ನಂದಿಬೆಟ್ಟ ಕಾಣಿಸುತ್ತದೆ; ಅದರ ಸಮೀಪದ ಯಲವಳ್ಳಿಯವನೆಂದು ಹೇಳಲಾಗುವ ಕುಮುದೇಂದು ಮುನಿಯ ‘ಸಿರಿಭೂವಲಯ’ದಲ್ಲಿ ಅಕ್ಷರಗಳೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳ ಚಕ್ರ. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಗಳು. 27 ಸ್ವರ, 33 ವ್ಯಂಜನ, 4 ಯೋಗವಾಹ ಸೇರಿ 64. ಒಂದೊಂದು ಅಂಕಕ್ಕೆ ಒಂದೊಂದು ವರ್ಣ. ಇಷ್ಟು ಮಾತ್ರವಾಗಿದ್ದರೆ ಅದು ಸಕಳ ಲಿಪಿಯಂತೆಯೇ ಆಗುತ್ತಿತ್ತು. ಆದರೆ ಮನೆಗಳನ್ನು ಸಾಲಾಗಿ ಓದುವಂತಿಲ್ಲ. ಚಕ್ರಬಂಧ, ಹಂಸಬಂಧ ಮುಂತಾದ ಬಂಧಗಳ ಗತಿಯನ್ನು ಅನುಸರಿಸಿ ಮನೆಯಿಂದ ಮನೆಗೆ ನೆಗೆಯುತ್ತ ಹೋದರೆ ಸಾಂಗತ್ಯದ ಪದ್ಯಗಳು ಮೂಡುತ್ತವೆ. ಪದ್ಯಗಳ ಮೊದಲ ಅಕ್ಷರಗಳನ್ನು ಕೆಳಮುಖವಾಗಿ ಕೂಡಿಸಿದರೆ ಪ್ರಾಕೃತವೂ, ನಡುವಿನ ಅಕ್ಷರಗಳಿಂದ ಸಂಸ್ಕೃತವೂ ಬರುತ್ತದೆಂದು ಬಿಡಿಸಿದವರು ತೋರಿಸಿದ್ದಾರೆ. ಬಂಧವೇ ಇಲ್ಲಿ ಕೀಲಿ.

ದೊಡ್ಡಬೆಲೆಯ ಯಲ್ಲಪ್ಪ ಶಾಸ್ತ್ರಿಗಳ ಮನೆತನಕ್ಕೆ ದೊರೆತಿದ್ದ ಪ್ರತಿಯಿಂದ ಕರ್ಲಮಂಗಲಂ ಶ್ರೀಕಂಠಯ್ಯನವರು ಮೊದಲ ಭಾಗವನ್ನು 1953ರಲ್ಲಿ ಪ್ರಕಟಿಸಿದರು. ಕೃತಿ 9ನೆಯ ಶತಮಾನದ್ದೆಂಬ ಮಾತನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಭಾಷೆ ಅಷ್ಟು ಹಳೆಯದಾಗಿ ಕಾಣುವುದಿಲ್ಲ. 718 ಭಾಷೆಗಳು ಅಡಗಿವೆಯೆಂಬ ಹೇಳಿಕೆಯಂತೂ ಪರೀಕ್ಷೆಗೆ ನಿಂತಿಲ್ಲ. ಆ ಚರ್ಚೆ ಏನೇ ಇರಲಿ, ಚಕ್ರಗಳ ಪ್ರತಿ ಇಂದು ಸುರಕ್ಷಿತವಾಗಿದೆ. ರಾಷ್ಟ್ರೀಯ ಪತ್ರಾಗಾರದಲ್ಲಿ ಅದರ ಮೈಕ್ರೋಫಿಲ್ಮ್ ಇದೆ. ಬೇಕಾದರೆ ಬಿಟ್‌ಟೊರೆಂಟಿನಲ್ಲಿ ಬಿಟ್ಟು ಸಾವಿರ ಮನೆಗಳಲ್ಲಿ ಇರಿಸಬಹುದು. ಅಂಕಗಳು ಉಳಿಯುತ್ತವೆ. ಯಾವ ಚಕ್ರಕ್ಕೆ ಯಾವ ಬಂಧ ಎಂಬುದು ಗೊತ್ತಿಲ್ಲದ ಚಕ್ರಗಳೇ ಬಹಳ. ಬಿಡಿಸಿದವು ಕೆಲವು, ಬಿಡಿಸದೆ ಉಳಿದವು ಹೆಚ್ಚು.